ಅಂಗೈ ಮೇಲಿನ ಗೂಡ್ಸ್ ಗಾಡಿ

ಮಕ್ಕಳು ಎಳೆದಾಡುವ ಆಟದ ರೈಲಿಗೂ, ಅಳತೆಗೆ ಸರಿಯಾಗಿ ಮಾಡಿದ ರೈಲಿನ ಮಾದರಿಗೂ ಬಹಳ ವ್ಯತ್ಯಾಸವುಂಟು. ಚನ್ನಪಟ್ಟಣದ ಕುಶಲಕರ್ಮಿಗಳು ಹಾಲೆ ಮರವನ್ನು ಕಡೆದು, ಅರಗಿನ ಬಣ್ಣವೇರಿಸಿ ಮಾಡುವ ರೈಲು ನಮ್ಮ ಎಷ್ಟೋ ಮನೆಗಳ ಪಡಸಾಲೆಯಲ್ಲಿ ಓಡಾಡಿದೆ. ರೈಲಿನ ನೆನಪನ್ನು ತಂದುಕೊಟ್ಟರೆ ಅದರ ಕೆಲಸ ಮುಗಿಯಿತು. ಅದರ ಗಾಲಿ ಎಷ್ಟು ದಪ್ಪ, ಡಬ್ಬಿ ಎಷ್ಟು ಉದ್ದ ಎಂದು ಯಾರೂ ಕೇಳುವುದಿಲ್ಲ. ಮಾದರಿಯಾದರೋ ಪ್ರತಿಯೊಂದು ಅಂಗಕ್ಕೂ ಲೆಕ್ಕ ಒಪ್ಪಿಸಬೇಕು. ನಿಜವಾದ ವ್ಯಾಗನ್ನಿನ ಉದ್ದ, ಅಗಲ, ಎತ್ತರ, ಗಾಲಿಯ ಅಂಚು, ಹಲಗೆಗಳ ಸಂದು ಎಲ್ಲವೂ ಒಂದೇ ಪ್ರಮಾಣದಲ್ಲಿ ಕುಗ್ಗಿರಬೇಕು. ಹಳಿ ಮತ್ತು ಗಾಲಿಯವರೆಗೂ ಪ್ರಮಾಣವನ್ನು ಬಿಡದೆ ನಡೆಸುವ ಈ ಹವ್ಯಾಸವನ್ನು ಇಂಗ್ಲೆಂಡಿನವರು ‘ಫೈನ್‌ಸ್ಕೇಲ್’ ಎಂದು ಕರೆಯುತ್ತಾರೆ. ನಾವು ಸೂಕ್ಷ್ಮ ಅಳತೆಯ ಮಾದರಿ ಎನ್ನಬಹುದು.

ಇಂತಹ ಮಾದರಿಗೆ ವಸ್ತುವನ್ನು ಅರಸಿಕೊಂಡು ದೂರ ಹೋಗಬೇಕಾಗಿಲ್ಲ. ವೈದ್ಯನಾಥಪುರದ ದೇವಾಲಯದ ಪಕ್ಕದಲ್ಲಿ ಹರಿಯುವ ಶಿಂಷಾ ನದಿಯನ್ನೇ ಬೆಂಗಳೂರು–ಮೈಸೂರು ರೈಲು ಮದ್ದೂರಿನ ಬಳಿ ದಾಟಿ ಹೋಗುತ್ತದೆ. ಈ ಮಾರ್ಗ 1882ರಲ್ಲಿ ಮೈಸೂರನ್ನು ಮುಟ್ಟಿತು. ಆಗ ಅದು ಮೀಟರ್ ಗೇಜಿನ ಮಾರ್ಗ. ಎರಡು ಹಳಿಗಳ ನಡುವಣ ಅಂತರ ಸರಿಯಾಗಿ ಒಂದು ಮೀಟರ್. ಮದ್ದೂರು ಎಂದೊಡನೆ ಪ್ರಯಾಣಿಕರಿಗೆ ನೆನಪಾಗುವುದು ವಡೆ. ಆದರೆ ಈ ಸೀಮೆಯ ಬಾಳು ನಡೆದದ್ದು ಬೆಲ್ಲ, ಭತ್ತಗಳಿಂದ, ಮತ್ತು 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪೆನಿ ಸ್ಥಾಪನೆಯಾದ ಮೇಲೆ ಸಕ್ಕರೆಯಿಂದ. 1990ರ ದಶಕದಲ್ಲಿ ಮಾರ್ಗವನ್ನು ಬ್ರಾಡ್ ಗೇಜಿಗೆ ಬದಲಾಯಿಸಿದಾಗ ಮೀಟರ್ ಗೇಜಿನ ಗಾಡಿಗಳಿಗೆ ಇಲ್ಲಿ ಕೆಲಸವಿಲ್ಲದಂತಾಯಿತು. ಹಳೆಯ ಎಂಜಿನ್ನುಗಳನ್ನೂ ರಾಜಮನೆತನದ ಸಲೂನನ್ನೂ ಕಾಪಾಡಿದವರುಂಟು. 1979ರಲ್ಲಿ ಸ್ಥಾಪಿತವಾದ ಮೈಸೂರಿನ ರೈಲು ಸಂಗ್ರಹಾಲಯದಲ್ಲಿ ಅವನ್ನು ನೋಡಬಹುದು. ಆದರೆ ಮೂಟೆ ಹೊತ್ತ ಸಾಮಾನ್ಯ ವ್ಯಾಗನ್ನನ್ನು ಕಾಪಾಡಬೇಕೆಂದು ಯಾರಿಗೂ ತೋರುವುದಿಲ್ಲ. ಕೆಲಸ ಮುಗಿದ ಮೇಲೆ ಅದರ ದಾರಿ ಗುಜರಿಯ ಕಡೆಗೆ. ಆದುದರಿಂದ ಅಂತಹ ವ್ಯಾಗನ್ನನ್ನು ಅಳತೆಗೆ ತಕ್ಕಂತೆ ಮಾಡಿಟ್ಟರೆ, ಅದು ಬರಿಯ ಕಾಲಹರಣವಾಗದೆ ಒಂದು ದಾಖಲೆಯೂ ಆಗುತ್ತದೆ.

ಮೊದಲನೆಯ ಪ್ರಶ್ನೆ ಪ್ರಮಾಣದ್ದು. ಪ್ರಪಂಚದಲ್ಲಿ ಬಹಳವಾಗಿ ಬಳಕೆಯಲ್ಲಿರುವುದು 87ರಲ್ಲಿ ಒಂದು ಪಾಲು. ಈ ಪ್ರಮಾಣಕ್ಕೆ ಅಂಗಡಿಯಲ್ಲಿ ದೊರೆಯುವ ಹಳಿಯ ಅಂತರ 16.5 ಮಿಲಿಮೀಟರ್. ಇದು ಯೂರೋಪು, ಅಮೆರಿಕಗಳ 1,435 ಮಿ.ಮೀ. ಗೇಜಿಗೆ ಸರಿಹೊಂದುತ್ತದೆ. ನಮ್ಮ ಬ್ರಾಡ್ ಗೇಜು 1,676 ಮಿ.ಮೀ. ಅದನ್ನು 87ರಿಂದ ಭಾಗಿಸಿದರೆ 19.26 ಬರುತ್ತದೆ. ಹಾಗಾಗಿ ಭಾರತದ ಬ್ರಾಡ್ ಗೇಜ್ ವ್ಯಾಗನ್ನನ್ನು 16.5ರ ಹಳಿಯ ಮೇಲೆ ನಿಲ್ಲಿಸಿದರೆ, ನಿಜದ ಲೆಕ್ಕದಲ್ಲಿ ಸುಮಾರು 24 ಸೆಂಟಿಮೀಟರ್ ಕಿರಿದಾದ ದಾರಿಯ ಮೇಲೆ ನಿಲ್ಲಿಸಿದಂತೆ. ದೊಡ್ಡ ಮೈಗೆ ಸಣ್ಣ ಪಾದ ಜೋಡಿಸಿದ ಹಾಗೆ ಅದು ಕಾಣುತ್ತದೆ. ಮೀಟರ್ ಗೇಜಿನಲ್ಲಾದರೆ 1,000ವನ್ನು 87ರಿಂದ ಭಾಗಿಸಿದಾಗ ದೊರೆಯುವುದು 11.49. ಸ್ವಿಟ್ಜರ್ಲೆಂಡಿನ ರೇಟಿಯನ್ ರೈಲ್ವೆಯೂ ಮೀಟರ್ ಗೇಜಿನದೇ ಆದ್ದರಿಂದ, ಅಂತಹ ಮಾದರಿಗಳಿಗಾಗಿ 12 ಮಿ.ಮೀ. ಅಂತರದ ಹಳಿ, ಗಾಲಿಗಳು ತಯಾರಾಗುತ್ತವೆ. ವ್ಯತ್ಯಾಸ ಅರ್ಧ ಮಿಲಿಮೀಟರ್ ಮಾತ್ರ. ನಮ್ಮ ಕಣ್ಣೆದುರಿಗಿರುವ ಬ್ರಾಡ್ ಗೇಜಿಗಿಂತ, ಈ ಮಾರ್ಗದಿಂದ ಮರೆಯಾದ ಮೀಟರ್ ಗೇಜನ್ನೇ ನಿಜಕ್ಕೆ ಹತ್ತಿರವಾಗಿ ಮಾಡುವುದು ಸುಲಭ ಎಂಬುದು ಈ ಲೆಕ್ಕದಿಂದ ತಿಳಿಯುತ್ತದೆ.

ಈ ಗೇಜಿನ ತಕರಾರು ನಮಗೆ ಮಾತ್ರ ಬಂದುದಲ್ಲ. ಇಂಗ್ಲೆಂಡಿನ ಎಂಜಿನ್ನುಗಳು ಗಾತ್ರದಲ್ಲಿ ಚಿಕ್ಕವು. ಹಿಂದಿನ ಕಾಲದ ಮೋಟಾರು ಅವುಗಳ ಸಣ್ಣ ಮಾದರಿಯೊಳಗೆ ಹಿಡಿಯುತ್ತಿರಲಿಲ್ಲ. ಆದುದರಿಂದ ಅಲ್ಲಿನ ತಯಾರಕರು ಒಡಲನ್ನು ಒಂದು ಅಡಿಗೆ 4 ಮಿ.ಮೀ. ಪ್ರಮಾಣಕ್ಕೆ ಹಿಗ್ಗಿಸಿ, ಹಳಿಯನ್ನು ಮಾತ್ರ 16.5ರಲ್ಲೇ ಉಳಿಸಿದರು. ಲೆಕ್ಕದಂತೆ ಅದು 18.83 ಇರಬೇಕಾಗಿತ್ತು. 1960ರ ದಶಕದಲ್ಲಿ ಅಲ್ಲಿನ ಕೆಲವು ಹವ್ಯಾಸಿಗಳು ಆ 18.83ನ್ನೇ ಹಿಡಿದು ಹಳಿ, ಗಾಲಿಗಳನ್ನು ಹೊಸದಾಗಿ ಮಾಡಿಕೊಂಡರು. ಸೂಕ್ಷ್ಮ ಅಳತೆಯ ಶಿಸ್ತು ಬಲಗೊಂಡದ್ದು ಹೀಗೆ.

ಎರಡನೆಯದು ವ್ಯಾಗನ್ನಿನ ಅಳತೆ. ಈಗ ದೇಶದಲ್ಲೆಲ್ಲ ಕಲ್ಲಿದ್ದಲು ಹೊರುವ ‘ಬಾಕ್ಸ್-ಎನ್’ ಎಂಬ ಎಂಟು ಗಾಲಿಯ ತೆರೆದ ವ್ಯಾಗನ್ನಿನ ಅಳತೆಗಳು ಪ್ರಕಟವಾಗಿವೆ. ಅದರ ಒಡಲಿನ ಉದ್ದ 9,784 ಮಿ.ಮೀ., ಎರಡು ಬೋಗಿಗಳ ನಡುಬಿಂದುಗಳ ಅಂತರ 6,524, ಗಾಲಿಯ ವ್ಯಾಸ 1,000. ಮಾದರಿಯಲ್ಲಿ ಇವು ಕ್ರಮವಾಗಿ 112.5, 75 ಮತ್ತು 11.5 ಮಿ.ಮೀ. ಆಗುತ್ತವೆ. ಹಳೆಯ ಮೀಟರ್ ಗೇಜ್ ವ್ಯಾಗನ್ನಿಗೆ ಇಂತಹ ನಕ್ಷೆ ಕೈಗೆ ಸಿಗದಿದ್ದರೆ ಫೋಟೋಗಳನ್ನೇ ಆಶ್ರಯಿಸಬೇಕು. ಗಾಡಿಯ ತಲೆಯ ಕಡೆಯಿಂದ ನೇರವಾಗಿ ತೆಗೆದ ಒಂದು ಚಿತ್ರ, ಪಕ್ಕದಿಂದ ನೇರವಾಗಿ ತೆಗೆದ ಇನ್ನೊಂದು ಚಿತ್ರ ದೊರೆತರೆ ಸಾಕು. ಮೊದಲನೆಯದರಲ್ಲಿ ಹಳಿಗಳ ಅಂತರ ಕಾಣುತ್ತದೆ. ಅದು ಒಂದು ಮೀಟರ್ ಎಂಬುದು ಖಚಿತ. ಅದನ್ನೇ ಅಳತೆಗೋಲಾಗಿ ಹಿಡಿದರೆ ವ್ಯಾಗನ್ನಿನ ಅಗಲವೂ ಎತ್ತರವೂ ತಿಳಿಯುತ್ತವೆ. ಹಾಗೆ ತಿಳಿದ ಎತ್ತರವನ್ನು ಎರಡನೆಯ ಚಿತ್ರಕ್ಕೆ ಹೊಂದಿಸಿದರೆ ಉದ್ದವೂ, ಗಾಲಿಗಳ ನಡುವಣ ಅಂತರವೂ, ಬಾಗಿಲಿನ ಅಗಲವೂ ದೊರೆಯುತ್ತವೆ.

ಇನ್ನು ಕಟ್ಟುವ ಕೆಲಸ. ನಾಲ್ಕು ಗಾಲಿಯ ಮುಚ್ಚಿದ ವ್ಯಾಗನ್ನಿನಿಂದ ಆರಂಭಿಸುವುದು ಒಳ್ಳೆಯದು. ಅರ್ಧ ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಹಾಳೆ ಸಿಕ್ಕರೆ ಉತ್ತಮ. ಸಿಗದಿದ್ದರೆ ಗಟ್ಟಿಯಾದ ಆಹ್ವಾನ ಪತ್ರಿಕೆಯ ರಟ್ಟಿಗೆ ಎರಡು ಕಡೆಯೂ ತೆಳುವಾಗಿ ವಾರ್ನಿಷ್ ಬಳಿದು ಒಣಗಿಸಿ ಬಳಸಬಹುದು. ಗೋಡೆಗಳನ್ನು ಬಿಡಿಯಾಗಿ ಕತ್ತರಿಸಿ, ಚಪ್ಪಟೆಯಾಗಿರುವಾಗಲೇ ಅವುಗಳ ಮೇಲಿನ ಕೆಲಸವನ್ನೆಲ್ಲ ಮುಗಿಸಬೇಕು. ಹಲಗೆಗಳ ಸಂದನ್ನು ಚೂರಿಯ ಬೆನ್ನಿನಿಂದ ಗೀರಬೇಕು. ಅಲಗಿನಿಂದ ಗೀರಿದರೆ ಸೀಳು ಬಿಡುತ್ತದೆ. ಉಕ್ಕಿನ ಪಟ್ಟಿಗಳ ಮೇಲಿನ ರಿವೆಟ್ಟುಗಳಿಗೆ ತೆಳುವಾದ ಲೋಹದ ಹಾಳೆಯನ್ನು ಹಿಂಬದಿಯಿಂದ ಮೊಂಡು ಸೂಜಿಯಲ್ಲಿ ಒತ್ತಿ ಅಂಟಿಸಬಹುದು. ಹಿಡಿಕೆಗಳಿಗೂ ಮೆಟ್ಟಿಲುಗಳಿಗೂ ಸಣ್ಣ ಹಿತ್ತಾಳೆ ತಂತಿ ಸಾಕು. ಎಣ್ಣೆ ಸಾಗಿಸುವ ಟ್ಯಾಂಕ್ ವ್ಯಾಗನ್ನು ಮಾಡಬೇಕೆನ್ನುವವರು ಅದರ ಉರುಳೆಯನ್ನು ಹಾಲೆ ಮರದಲ್ಲಿ ಕಡೆಸಬಹುದು. ಇಂತಹ ಕೆಲಸದಲ್ಲಿ ಪಳಗಿದ ಕೈಗಳು ಮದ್ದೂರಿಗೆ ಸಮೀಪದ ಚನ್ನಪಟ್ಟಣದಲ್ಲೇ ಇವೆ.

ಸೂಕ್ಷ್ಮ ಅಳತೆಯ ನಿಜವಾದ ಪರೀಕ್ಷೆ ಇರುವುದು ಗಾಲಿಯಲ್ಲಿ. ನಿಜವಾದ ಗಾಲಿಯ ಅಂಚು ಹಳಿಯ ಮೇಲ್ಮೈಯಿಂದ ಕೆಳಗೆ ಇಳಿಯುವುದು 28.5 ಮಿ.ಮೀ. ಮಾತ್ರ. ಮಾದರಿಯಲ್ಲಿ ಅದು ಮೂರನೇ ಒಂದು ಮಿಲಿಮೀಟರಿನಷ್ಟು. ಅಂಗಡಿಯ ಸಾಮಾನ್ಯ ಗಾಲಿಗಳಲ್ಲಿ ಈ ಅಂಚು ಅದರ ಎರಡರಷ್ಟಾದರೂ ಇರುತ್ತದೆ. ದೊಡ್ಡ ಅಂಚು ಹಳಿಯ ತಪ್ಪುಗಳನ್ನು ಕ್ಷಮಿಸುತ್ತದೆ; ಸಣ್ಣ ಅಂಚು ಕ್ಷಮಿಸುವುದಿಲ್ಲ. ನಾಲ್ಕು ಗಾಲಿಗಳಲ್ಲಿ ಒಂದು ಕೂದಲೆಳೆಯಷ್ಟು ಮೇಲೆದ್ದರೂ ವ್ಯಾಗನ್ನು ಹಳಿ ತಪ್ಪುತ್ತದೆ. ನಾಲ್ಕು ಕಾಲಿನ ಮಣೆ ಓರೆಯಾದ ನೆಲದ ಮೇಲೆ ಅಲುಗಾಡುತ್ತದೆ, ಮೂರು ಕಾಲಿನದು ಅಲುಗಾಡದು ಎಂಬುದು ನಮಗೆಲ್ಲ ಗೊತ್ತು. ಆ ತತ್ತ್ವವನ್ನೇ ಇಲ್ಲಿ ಬಳಸುತ್ತಾರೆ. ಒಂದು ಅಚ್ಚನ್ನು ಬಿಗಿಯಾಗಿ ಕೂರಿಸಿ, ಇನ್ನೊಂದು ಅಚ್ಚು ತನ್ನ ನಡುವಿನ ಒಂದು ತಂತಿಯ ಮೇಲೆ ತಕ್ಕಡಿಯಂತೆ ತೂಗುವ ಹಾಗೆ ಮಾಡುತ್ತಾರೆ. ಆಗ ವ್ಯಾಗನ್ನು ಮೂರು ಬಿಂದುಗಳ ಮೇಲೆ ಕುಳಿತಂತಾಗಿ, ನಾಲ್ಕು ಗಾಲಿಗಳೂ ಹಳಿಯನ್ನು ಮುಟ್ಟಿಕೊಂಡಿರುತ್ತವೆ. ಕೆಲಸ ಸರಿಯಾಗಿದೆಯೇ ಎಂದು ನೋಡಲು ಚೌಕಟ್ಟನ್ನು ಕನ್ನಡಿಯ ಮೇಲಿಟ್ಟು ಮೆಲ್ಲನೆ ಒತ್ತಬೇಕು. ಅಚ್ಚಿನ ತುದಿಗಳು ಮೊನಚಾಗಿದ್ದು ಹಿತ್ತಾಳೆಯ ಸಣ್ಣ ಬಟ್ಟಲುಗಳಲ್ಲಿ ತಿರುಗುವಂತಿದ್ದರೆ ಓಟ ಹಗುರವಾಗುತ್ತದೆ. ಕೊನೆಯಲ್ಲಿ ನೆಲಹಲಗೆಯ ಮೇಲೆ ಕಬ್ಬಿಣದ ವಾಷರುಗಳನ್ನು ಅಂಟಿಸಿ, ಒಂದೊಂದು ಅಚ್ಚಿನ ಮೇಲೂ ಸುಮಾರು 25 ಗ್ರಾಂ ತೂಕ ಬೀಳುವಂತೆ ಮಾಡಬೇಕು.

ಎಲ್ಲವನ್ನೂ ಮೊದಲಿನಿಂದ ಕಟ್ಟಲು ಪುರಸೊತ್ತಿಲ್ಲದವರು ಸಿದ್ಧ ಮಾದರಿಯೊಂದನ್ನು ಕೊಂಡು ಮಾರ್ಪಡಿಸಬಹುದು. ಯೂರೋಪಿನ ನಾಲ್ಕು ಗಾಲಿಯ ಮುಚ್ಚಿದ ವ್ಯಾಗನ್ನಿಗೆ ತಲೆಯ ಎರಡು ಬದಿಗಳಲ್ಲೂ ಒಂದೊಂದು ಬಫರ್ ಇರುತ್ತದೆ. ನಮ್ಮ ಮೀಟರ್ ಗೇಜಿನಲ್ಲಿ ನಡುವೆ ಒಂದೇ ಬಫರ್, ಕೊಂಡಿಯೂ ಅದರೊಡನೆಯೇ. ಆದುದರಿಂದ ಪಕ್ಕದ ಬಫರುಗಳನ್ನು ಕತ್ತರಿಸಿ ಅರದಿಂದ ಉಜ್ಜಿ ಸಮಮಾಡಿ, ನಡುವೆ ಹೊಸದನ್ನು ಕೂರಿಸಬೇಕು. ಹಳೆಯ ಗಾಲಿಗಳನ್ನು ತೆಗೆದು 12 ಮಿ.ಮೀ. ಗಾಲಿಗಳನ್ನು ಹಾಕುವಾಗ, ಅಚ್ಚನ್ನು ಹಿಡಿಯುವ ಕವಲುಗಳನ್ನೂ ಒಳಕ್ಕೆ ಸರಿಸಬೇಕು. ಅವನ್ನು ಹಿಂದಿನ ಜಾಗದಲ್ಲೇ ಬಿಟ್ಟರೆ ಬದಲಾವಣೆ ಅರೆಬರೆಯಾಗಿ ಕಾಣುತ್ತದೆ. ಒಡಲಿನ ಉದ್ದ, ಅಗಲಗಳು ಫೋಟೋದಿಂದ ತೆಗೆದ ಅಳತೆಗೆ ಹೊಂದುತ್ತವೆಯೇ ಎಂದು ಕೊಳ್ಳುವ ಮೊದಲೇ ನೋಡಿಕೊಳ್ಳುವುದು ಜಾಣತನ.

ಬಣ್ಣ ಬಳಿಯುವ ಮುನ್ನ ಒಂದು ಇಸವಿಯನ್ನು ಗೊತ್ತುಮಾಡಿಕೊಳ್ಳಬೇಕು. 1951ರಲ್ಲಿ ಮೈಸೂರು ರಾಜ್ಯದ ರೈಲ್ವೆ ದಕ್ಷಿಣ ರೈಲ್ವೆಯಲ್ಲಿ ಸೇರಿಹೋಯಿತು. ನೈಋತ್ಯ ರೈಲ್ವೆ ಬಂದದ್ದು 2003ರಲ್ಲಿ, ಮೀಟರ್ ಗೇಜು ಈ ಮಾರ್ಗದಿಂದ ಹೋದ ಮೇಲೆ. ಮೈಮೇಲಿನ ಅಕ್ಷರಗಳು, ಮುಂದೆ ನಿಲ್ಲುವ ಎಂಜಿನ್ನು, ಪಕ್ಕದ ನಿಲ್ದಾಣದ ಹಲಗೆ ಎಲ್ಲವೂ ಒಂದೇ ಕಾಲಕ್ಕೆ ಸೇರಿರಬೇಕು. ಗೂಡ್ಸ್ ವ್ಯಾಗನ್ನಿಗೆ ಕಂದುಗೆಂಪು ಬಣ್ಣ ಒಪ್ಪುತ್ತದೆ. ಆದರೆ ಹೊಳಪು ಬೇಡ. ಮೇಲೆ ತೆಳುವಾಗಿ ಮಣ್ಣಿನ ಬಣ್ಣ ಸವರಿದರೆ ದುಡಿದ ಗಾಡಿಯ ಕಳೆ ಬರುತ್ತದೆ.

ವ್ಯಾಗನ್ನಿನ ಜೊತೆಗೆ ಊರನ್ನೂ ಮಾಡೋಣವೆಂದರೆ ಜಾಗ ಸಾಲದು. ಈ ಪ್ರಮಾಣದಲ್ಲಿ ಒಂದು ಕಿಲೋಮೀಟರ್ ಎಂದರೆ ಹನ್ನೊಂದೂವರೆ ಮೀಟರ್. ಬೆಂಗಳೂರಿನಿಂದ ಮೈಸೂರಿಗೆ ಹಳಿ ಹಾಸಿದರೆ ಒಂದೂವರೆ ಕಿಲೋಮೀಟರ್ ಮೀರುತ್ತದೆ. ಶಿಂಷಾ ಸೇತುವೆಯನ್ನೂ ನಿಲ್ದಾಣವನ್ನೂ ಮೇಜಿನ ಮೇಲೆ ತರಬೇಕಾದರೆ ಮೊಟಕುಮಾಡದೆ ವಿಧಿಯಿಲ್ಲ. ವ್ಯಾಗನ್ನನ್ನು ಮಾತ್ರ ಮೊಟಕುಮಾಡಬೇಕಾಗಿಲ್ಲ. ಅದು ಇದ್ದ ಹಾಗೆಯೇ, ಪೂರ್ತಿಯಾಗಿ, ಅಂಗೈ ಮೇಲೆ ನಿಲ್ಲುತ್ತದೆ.

ಈ ಕೆಲಸಕ್ಕೆ ಬೇಕಾದ ಬಹು ಮುಖ್ಯವಾದ ಸಾಮಗ್ರಿ ಅಂಗಡಿಯಲ್ಲಿ ಸಿಗುವಂಥದಲ್ಲ. ಮೀಟರ್ ಗೇಜಿನ ಕಾಲದಲ್ಲಿ ರೈಲ್ವೆಯಲ್ಲಿ ದುಡಿದವರು, ಮಂಡಿಯಿಂದ ಸರಕು ಕಳುಹಿಸಿದವರು ನಮ್ಮ ಊರುಗಳಲ್ಲಿ ಇನ್ನೂ ಇದ್ದಾರೆ. ಬಾಗಿಲಿನ ಚಿಲಕ ಯಾವ ಕಡೆಗಿತ್ತು, ಕೈಬ್ರೇಕಿನ ಸನ್ನೆ ಹೇಗೆ ಇಳಿಯುತ್ತಿತ್ತು ಎಂಬುದನ್ನು ಅವರ ಕೈಗಳು ಮರೆತಿರುವುದಿಲ್ಲ. ಮನೆಯ ಹಳೆಯ ಆಲ್ಬಮ್ಮಿನಲ್ಲಿ, ನೆಂಟರ ಹಿಂದೆ ನಿಂತಿರುವ ಒಂದು ಗೂಡ್ಸ್ ಗಾಡಿಯೂ ಇರಬಹುದು. ಚೂರಿಯನ್ನೂ ರಟ್ಟನ್ನೂ ಮುಂದಿನ ವರ್ಷ ಕೊಂಡರೂ ನಡೆಯುತ್ತದೆ. ಹಿರಿಯರನ್ನು ಕೇಳಿ ಬರೆದಿಟ್ಟುಕೊಳ್ಳುವ ಕೆಲಸವನ್ನು ಮಾತ್ರ ಈ ತಿಂಗಳೇ ಆರಂಭಿಸುವುದು ಮೇಲು.