ಕೋಟಿ ಡಿಗ್ರಿಯ ಅನಿಲ, ಲೀಟರಿಗೊಂದು ಕಣ

ಕಾರ್ತಿಕ ಮಾಸದ ಕತ್ತಲ ರಾತ್ರಿ, ಕೊಪ್ಪಳದ ಬಳಿಯ ಕಿನ್ನಾಳದ ಬೀದಿದೀಪಗಳನ್ನು ದಾಟಿ ಹೊಲದ ಬದುವಿಗೆ ಬಂದು ಉತ್ತರಕ್ಕೆ ಕತ್ತೆತ್ತಿ ನೋಡಿ. ನೆತ್ತಿಗಿಂತ ತುಸು ಕೆಳಗೆ ಒಂದು ಬಿಳಿ ಮಬ್ಬು ಕಂಡೀತು. ಅದು 25 ಲಕ್ಷ ಜ್ಯೋತಿರ್ವರ್ಷ ಆಚೆಯ ದೇವಯಾನಿ ಗೆಲಾಕ್ಸಿ. ಅದೂ ನಮ್ಮ ಕ್ಷೀರಪಥವೂ ಹತ್ತಾರು ಕಿರಿಯರೂ ಸೇರಿ ಒಂದು ಗುಂಪು. ವಿಶ್ವದ ಬಹುಪಾಲು ಗೆಲಾಕ್ಸಿಗಳ ಸಂಸಾರ ಇಂಥ ಸಣ್ಣ ಗುಂಪುಗಳಲ್ಲೇ.

ನಮ್ಮ ಗುಂಪಿಗಿಂತ ತುಸು ಭಾರದ ಗುಂಪುಗಳಲ್ಲಿ ಗೆಲಾಕ್ಸಿಗಳ ನಡುವೆ ಕೋಟಿ ಡಿಗ್ರಿ ಆಸುಪಾಸಿನ ಅನಿಲ ಹರಡಿರುತ್ತದೆ. ಲೀಟರಿಗೆ ಒಂದೆರಡು ಕಣ ಸಿಕ್ಕರೆ ಹೆಚ್ಚು, ಅಷ್ಟು ತೆಳು. ಅದು ಸೂಸುವುದು ಕ್ಷ-ಕಿರಣ. ನಮ್ಮ ವಾತಾವರಣ ಅದನ್ನು ನೆಲ ಮುಟ್ಟಗೊಡುವುದಿಲ್ಲ. ಹಾಗಾಗಿಯೇ ಬದುಕಿದ್ದೇವೆ ಅನ್ನಿ. ನೋಡಬೇಕೆಂದರೆ ದೂರದರ್ಶಕವೇ ಮೇಲೇರಬೇಕು. ಮಾಮೂಲಿ ಕನ್ನಡಿಯೂ ನಡೆಯದು. ನೇರವಾಗಿ ಬಡಿದ ಕ್ಷ-ಕಿರಣವನ್ನು ಕನ್ನಡಿ ನುಂಗಿಬಿಡುತ್ತದೆ, ಸವರಿಕೊಂಡು ಹೋಗುವಂತಿದ್ದರೆ ಮಾತ್ರ ತಿರುಗಿಸುತ್ತದೆ. 2015ರ ಸೆಪ್ಟೆಂಬರ್ 28ರಂದು ಶ್ರೀಹರಿಕೋಟಾದಿಂದ ಹಾರಿದ ಇಸ್ರೋದ ಆಸ್ಟ್ರೋಸ್ಯಾಟ್ ಉಪಗ್ರಹದಲ್ಲಿ ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ (ಟಿಐಎಫ್ಆರ್) ಕೂಡಿಸಿದ ಇಂಥ ದೂರದರ್ಶಕವಿದೆ: ಚಿನ್ನದ ಲೇಪದ ತೆಳು ಅಲ್ಯೂಮಿನಿಯಂ ಹಾಳೆಗಳ 40 ಸುತ್ತುಗಳು, ಒಂದರೊಳಗೊಂದು.

ಸಣ್ಣ ಗುಂಪುಗಳ ಸ್ವಾರಸ್ಯ ಅವುಗಳ ಬಡತನದಲ್ಲಿದೆ. ಸಾವಿರಾರು ಗೆಲಾಕ್ಸಿಗಳ ದೊಡ್ಡ ಸಮೂಹಗಳು ತಮ್ಮ ಪಾಲಿನ ಅನಿಲವನ್ನು ಹೆಚ್ಚುಕಡಿಮೆ ಪೂರ್ತಿ ಹಿಡಿದಿಟ್ಟಿವೆ, ಗುಂಪುಗಳಲ್ಲಿ ಖೋತಾ. ಮುಖ್ಯ ಶಂಕೆ ನಡುವಿನ ಗೆಲಾಕ್ಸಿಯ ಕಪ್ಪುಕುಳಿಯ ಮೇಲೆ. ಕನ್ಯಾ ರಾಶಿಯ ದಿಕ್ಕಿನಲ್ಲಿ, ಸುಮಾರು 10.5 ಕೋಟಿ ಜ್ಯೋತಿರ್ವರ್ಷ ದೂರದ ಎನ್‌ಜಿಸಿ 5813 ಎಂಬ ಗೆಲಾಕ್ಸಿಯ ಗುಂಪನ್ನು ನಾಸಾದ ಚಂದ್ರಾ ಕ್ಷ-ಕಿರಣ ದೂರದರ್ಶಕ ಒಟ್ಟು ಒಂದು ವಾರಕ್ಕೂ ಹೆಚ್ಚು ಹೊತ್ತು ದಿಟ್ಟಿಸಿತು. ಬಿಸಿ ಅನಿಲದಲ್ಲಿ ಮೂರು ಜೋಡಿ ಪೊಳ್ಳುಗಳು ಕಂಡವು, ಒಂದರಾಚೆ ಒಂದು. ಕಪ್ಪುಕುಳಿ ಕನಿಷ್ಠ ಮೂರು ಬಾರಿ ಸಿಡಿದೆದ್ದು ಅನಿಲವನ್ನು ತಳ್ಳಿದ ಗುರುತು. ದೊಡ್ಡ ಸಮೂಹ ಇಂಥ ಏಟನ್ನು ತಡೆದುಕೊಂಡೀತು. ಗುರುತ್ವದ ಹಿಡಿತ ಸಡಿಲವಾದ ಗುಂಪಿಗೆ ಅದೇ ದುಬಾರಿ.

ಕಪ್ಪುಕುಳಿಗೆ ಮೇವು ಎಲ್ಲಿಂದ? ಇಲ್ಲಿ ಬೆಂಗಳೂರಿನ ಪಾಲಿದೆ. ರಾಮನ್ ಸಂಶೋಧನಾ ಸಂಸ್ಥೆಯ ಬಿಮನ್ ನಾಥ್ ಈ ಅನಿಲದ ಹೆಚ್ಚುವರಿ ಕಾವಿನ ಲೆಕ್ಕದ ಹಿಂದೆ ಬಹುಕಾಲದಿಂದ ಬಿದ್ದವರು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರತೀಕ್ ಶರ್ಮಾ ಮತ್ತು ಸಂಗಡಿಗರು 2012ರಲ್ಲಿ ಕಂಪ್ಯೂಟರ್ ಮಾದರಿಗಳಿಂದ ತೋರಿಸಿದ್ದು ಇದು: ಅನಿಲ ತಣಿಯಲು ಬೇಕಾದ ಕಾಲ, ಅದು ನಡುವಿಗೆ ಬೀಳಲು ಬೇಕಾದ ಕಾಲದ ಸುಮಾರು ಹತ್ತು ಪಟ್ಟಿಗಿಂತ ಇಳಿದರೆ ಅಲ್ಲಲ್ಲಿ ತಣ್ಣನೆಯ ಗಟ್ಟಿಗಳು ಕಟ್ಟುತ್ತವೆ, ಮಳೆಯಂತೆ ಒಳಗೆ ಸುರಿಯುತ್ತವೆ. ಮಳೆ ಬಿದ್ದರೆ ಕಪ್ಪುಕುಳಿ ಕೆರಳುತ್ತದೆ, ಅನಿಲ ಮತ್ತೆ ಕಾಯುತ್ತದೆ, ಮಳೆ ನಿಲ್ಲುತ್ತದೆ. ಕೊಪ್ಪಳದ ಕಡೆಯವರಿಗೆ ಮಳೆ ಕೈಕೊಡುವುದು ಹೊಸದಲ್ಲ, ಆದರೆ ಈ ಮಳೆ ತನ್ನನ್ನು ತಾನೇ ಓಡಿಸುವಂಥದ್ದು.

ಆಸ್ಟ್ರೋಸ್ಯಾಟ್‌ನ ದತ್ತಾಂಶ ಬೆಂಗಳೂರು ಹೊರವಲಯದ ಬ್ಯಾಲಾಳು ಕೇಂದ್ರದಲ್ಲಿ ಸಂಗ್ರಹವಾಗುತ್ತದೆ. 2018ರಿಂದ ಸಾರ್ವಜನಿಕರಿಗೂ ತೆರೆದಿದೆ. ಅದರ ಕ್ಷ-ಕಿರಣ ಚಿತ್ರಗಳು ಚಂದ್ರಾದಷ್ಟು ಚೂಪಲ್ಲ, ಪೊಳ್ಳು ಹುಡುಕುವ ಕೆಲಸಕ್ಕೆ ಒದಗವು. ಚಂದ್ರಾದ ಹಳೆಯ ದತ್ತಾಂಶವೂ ಪುಕ್ಕಟೆ ಸಿಗುವುದರಿಂದ, ಕೊಪ್ಪಳದ ಬಿ.ಎಸ್ಸಿ. ವಿದ್ಯಾರ್ಥಿ ಎನ್‌ಜಿಸಿ 5813ರಿಂದಲೇ ಶುರುಮಾಡಬಹುದು.