ಭೂಮಿಯ ಅವಳಿ: ಪ್ರತಿಬಿಂಬವಲ್ಲ, ಅನುಮಾನ

ಪಾಶ್ಚಾತ್ಯ ಶಾಸ್ತ್ರಜ್ಞರು ‘ಡಿಜಿಟಲ್ ಟ್ವಿನ್’ ಎಂದು ಕರೆಯುವ ವಸ್ತುವನ್ನು ಕನ್ನಡದಲ್ಲಿ ಏನೆನ್ನಬೇಕು? ‘ಪ್ರತಿಬಿಂಬ’ವೆಂದರೆ ಸುಲಭವಾಗಿ ಅರ್ಥವಾದೀತು, ಆದರೆ ಭೂಮಿಯ ವಿಷಯದಲ್ಲಿ ಆ ಮಾತು ಸಲ್ಲದೆಂದು ನಮ್ಮ ಅಭಿಪ್ರಾಯ. ಪ್ರತಿಬಿಂಬವು ಬಿಂಬಾಧೀನವಾದುದು, ಮುಖವು ಅಲುಗಿದಲ್ಲದೆ ಕನ್ನಡಿಯೊಳಗಿನ ಮುಖವು ಅಲುಗದು. ಈ ವಸ್ತುವಾದರೋ ಭೂಮಿಯು ನಾಳೆ ಇಡತಕ್ಕ ಹೆಜ್ಜೆಯನ್ನು ಇಂದೇ ಇಟ್ಟು ತೋರಿಸಲು ಹೊರಟಿರುವುದು.

ಯುರೋಪಿಯನ್ ಒಕ್ಕೂಟದ ‘ಡೆಸ್ಟಿನೇಷನ್ ಅರ್ತ್’ ಎಂಬ ಯೋಜನೆಯ ಮೊದಲ ಎರಡು ಅವಳಿಗಳು ೨೦೨೪ನೆಯ ಜೂನ್ ೧೦ರಂದು ಫಿನ್ಲೆಂಡಿನ ಕಯಾನಿಯಲ್ಲಿ, ಲೂಮಿ ಎಂಬ ಮಹಾಗಣಕವಿರುವ ಸ್ಥಳದಲ್ಲಿ, ಉದ್ಘಾಟಿತವಾದುವು. ಒಂದು ಬಿರುಗಾಳಿ, ಅತಿವೃಷ್ಟಿ ಮೊದಲಾದುವನ್ನು ಕೆಲವು ದಿನ ಮುಂಚೆ ಗಣಿಸುವುದು. ಇನ್ನೊಂದು ದಶಕಗಳ ವಾಯುಗುಣವನ್ನು. ಮೊದಲನೆಯದರಲ್ಲಿ ಭೂಮಂಡಲವು ಸುಮಾರು ೪.೪ ಕಿಲೋಮೀಟರ್ ಅಳತೆಯ ಕೋಷ್ಠಗಳಾಗಿ ವಿಭಕ್ತವಾಗಿರುವುದು. ಪ್ರತಿಯೊಂದು ಕೋಷ್ಠಕ್ಕೂ ಒತ್ತಡ, ಉಷ್ಣ, ತೇವ, ಗಾಳಿಗಳ ಅಂಕಿಗಳನ್ನಿಟ್ಟು, ಭೌತಶಾಸ್ತ್ರದ ಸಮೀಕರಣಗಳಿಂದ ಮುಂದಿನ ಕ್ಷಣದ ಅಂಕಿಗಳನ್ನು ತೆಗೆಯುವರು. ಕೃತಕ ಉಪಗ್ರಹಗಳೂ ಹಡಗುಗಳೂ ಕಳುಹುವ ವೀಕ್ಷಣೆಗಳಿಂದ ಮೊದಲಿನ ಅಂಕಿಗಳನ್ನು ತಿದ್ದಿಕೊಳ್ಳುವರು.

ಕಾರಣದಿಂದ ಕಾರ್ಯವನ್ನು ಊಹಿಸುವ ಈ ಕ್ರಮವು ನೈಯಾಯಿಕರ ‘ಪೂರ್ವವತ್’ ಅನುಮಾನವೇ ಸರಿ. ಮೇಘವು ಏರಿದುದನ್ನು ಕಂಡು ಮಳೆಯಾದೀತೆನ್ನುವುದು ವಾತ್ಸ್ಯಾಯನನು ಕೊಟ್ಟ ಉದಾಹರಣೆ. ನಮ್ಮ ವಿಷಯಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನವನ್ನು ಹುಡುಕಬೇಕಾಗಿಲ್ಲ. ಅಲ್ಲಿಯೇ ಪೂರ್ವಪಕ್ಷವೂ ಉಂಟು: ನದಿಯು ತುಂಬಿದುದರಿಂದ ಮಳೆಯಾಯಿತೆಂದು ಊಹಿಸುವೆಯಲ್ಲ, ಕೆಳಗೆ ತಡೆಯೊಡ್ಡಿದರೂ ನೀರು ಏರದೆ? ಅದು ಅನುಮಾನದ ದೋಷವಲ್ಲ, ಹೇತುವನ್ನು ಪರೀಕ್ಷಿಸದ ಮನುಷ್ಯನ ದೋಷವೆಂದು ಭಾಷ್ಯಕಾರನ ಸಮಾಧಾನ.

ಈ ಸಮಾಧಾನಕ್ಕೆ ಇಂಗ್ಲೆಂಡಿನ ಲೂಯಿಸ್ ರಿಚರ್ಡ್‌ಸನ್ನನ ಗಣಿತವು ಸಾಕ್ಷಿಯಂತಿದೆ. ೧೯೧೦ನೆಯ ಮೇ ೨೦ರ ಹವೆಯನ್ನು ಆತನು ವರ್ಷಗಳ ಮೇಲೆ ಕೈಯಿಂದಲೇ ಗಣಿಸಿ, ೧೯೨೨ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದನು. ಆರು ಗಂಟೆಗಳಲ್ಲಿ ಒತ್ತಡವು ೧೪೫ ಹೆಕ್ಟೊಪಾಸ್ಕಲ್ ಏರಬೇಕೆಂದು ಲೆಕ್ಕವು ಹೇಳಿತು. ಆ ದಿನ ಅದು ಹೆಚ್ಚುಕಡಿಮೆ ಇದ್ದಂತೆಯೇ ಇದ್ದಿತು. ತಪ್ಪು ಸಮೀಕರಣಗಳದಲ್ಲ, ಮೊದಲಿಗೆ ಇಟ್ಟ ಗಾಳಿ ಒತ್ತಡಗಳ ಅಂಕಿಗಳು ಒಂದಕ್ಕೊಂದು ಹೊಂದಿರಲಿಲ್ಲ. ಇನಿತು ದೊಡ್ಡ ಸೋಲನ್ನು ಮರೆಮಾಡದೆ ಅಚ್ಚು ಹಾಕಿಸಿದವನನ್ನು ವಿದ್ವಾಂಸರು ನೆನೆಯಬೇಕು! ಆರಂಭದ ಅಲ್ಪದೋಷವೂ ಬೆಳೆಯುವುದೆಂದು ೧೯೬೩ರಲ್ಲಿ ಎಡ್ವರ್ಡ್ ಲೊರೆಂಟ್ಸನು ತೋರಿಸಿದನು. ಆದುದರಿಂದಲೇ ಈಗ ತುಸು ಬೇರೆಬೇರೆಯಾದ ಆರಂಭಗಳಿಂದ ಹಲವು ಸಲ ಗಣಿಸಿ, ‘ಸಂಭವವು ಇಷ್ಟು’ ಎಂದು ಮಾತ್ರ ಹೇಳುವರು.

ಹೀಗಿದ್ದರೂ ಫಲವು ಬಣ್ಣದ ಭೂಪಟವಾಗಿ ತೆರೆಯ ಮೇಲೆ ಮೂಡುವುದರಿಂದ ನೋಡುವವನಿಗೆ ಪ್ರತ್ಯಕ್ಷವೆಂಬ ಭ್ರಮೆಯುಂಟಾಗುವುದು. ‘ಪ್ರತಿಬಿಂಬ’ವೆಂಬ ಮಾತು ಆ ಭ್ರಮೆಯನ್ನು ಬಲಪಡಿಸುವುದು. ಪ್ರವಾಹಕ್ಕೆ ಏರಿಯನ್ನು ಎಲ್ಲಿ ಕಟ್ಟಬೇಕೆಂದು ಆ ಪಟವನ್ನು ನೋಡಿ ನಿಶ್ಚಯಿಸುವವನಿಗೆ ಇದು ಬರಿಯ ಪದವಿಚಾರವಲ್ಲ. ನಾವು ‘ಅವಳಿ’ಯೆಂದೇ ಬರೆಯೋಣ. ಅವಳಿಮಕ್ಕಳಲ್ಲಿ ಒಬ್ಬನು ಮಾಡಿದುದನ್ನೇ ಮತ್ತೊಬ್ಬನೂ ಮಾಡುವನೆಂದು ಯಾರೂ ನಂಬುವುದಿಲ್ಲವಷ್ಟೆ.