ಟೊಂಕ ಹಿಡಿದರೆ ಹಾಸಿಗೆ ಹಿಡಿಯಬೇಡಿರಿ



ಕಬ್ಬಿನ ಒಕ್ಕಲುತನದಲ್ಲಿ ಬೆನ್ನಿಗೆ ಬಿಡುವೆಂಬುದಿಲ್ಲ. ಬೀಜದ ತುಂಡು ಹಚ್ಚುವಾಗ ಬಗ್ಗಬೇಕು, ಕಳೆ ತೆಗೆಯುವಾಗ ಬಗ್ಗಬೇಕು, ಕಡಿಯುವಾಗಲಂತೂ ಬುಡದವರೆಗೆ ಬಗ್ಗಬೇಕು. ಮೇಲಾಗಿ ಯೂರಿಯಾ ಚೀಲ 45 ಕಿಲೋ, ಡಿ.ಎ.ಪಿ. ಚೀಲ 50 ಕಿಲೋ. 16 ಲೀಟರಿನ ಪಂಪು ತುಂಬಿ ಬೆನ್ನಿಗೇರಿಸಿದರೆ ನೀರಿನ ತೂಕವೇ 16 ಕಿಲೋ. ಹೀಗಿರುವಾಗ ಒಂದು ದಿನ ಎದ್ದು ನಿಲ್ಲಹೋದವರು ಟೊಂಕ ಹಿಡಿದು ಅಲ್ಲಿಯೇ ಕುಳಿತರೆ ಆಶ್ಚರ್ಯವಿಲ್ಲ.

ಆಗ ಮನೆಯ ಹಿರಿಯರು, "ಎಂಟು ದಿನ ಅಲುಗಾಡಬ್ಯಾಡ, ಮಲಕೋ" ಎನ್ನುತ್ತಾರೆ. ಹಿಂದೆ ಡಾಕ್ಟರರೂ ಇದನ್ನೇ ಹೇಳುತ್ತಿದ್ದರು. 1986ರಲ್ಲಿ ಅಮೆರಿಕದಲ್ಲಿ ಟೊಂಕನೋವಿನ 203 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ 2 ದಿನ, ಇನ್ನೊಂದಕ್ಕೆ 7 ದಿನ ಮಲಗಲು ಹೇಳಿ ನೋಡಿದರು. 7 ದಿನದವರಿಗೆ ಹೆಚ್ಚಿನ ಗುಣವೇನೂ ಕಾಣಲಿಲ್ಲ. 2 ದಿನದವರು ಮಾತ್ರ ಬೇಗ ಕೆಲಸಕ್ಕೆ ಮರಳಿದರು. ಸಾಮಾನ್ಯ ಟೊಂಕನೋವು ಬಹುಮಟ್ಟಿಗೆ ಸ್ನಾಯು, ಕೀಲುಗಳ ಬೇನೆ. ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಮಲಗಿಯೇ ಇದ್ದರೆ ಮೈ ಬಿಗಿದು, ಶಕ್ತಿ ಕುಂದಿ, ಮರಳಿ ಏಳುವುದೇ ಕಠಿಣವಾಗುತ್ತದೆ. ತಡೆಯಲಾರದಷ್ಟು ನೋವಿದ್ದರೆ ಒಂದೆರಡು ದಿನ ಒರಗಿರಿ; ಆ ಮೇಲೆ ಅಂಗಳದಲ್ಲಾದರೂ ತಿರುಗಾಡಿರಿ. ಭಾರ ಎತ್ತುವುದನ್ನಷ್ಟೇ ಬಿಡಿರಿ.

ಕಾವು ಕೊಡುವುದು ಅಜ್ಜಿಯರ ಮದ್ದು, ಒಳ್ಳೆಯದೇ. ಹರಳುಪ್ಪನ್ನು ಹಂಚಿನ ಮೇಲೆ ಬಿಸಿ ಮಾಡಿ, ದಪ್ಪ ಬಟ್ಟೆಯಲ್ಲಿ ಕಟ್ಟಿ, 15-20 ನಿಮಿಷ ಶಾಖ ಕೊಡಿರಿ. ಮೊದಲು ಕೈಯ ಹಿಂಬದಿಗೆ ತಾಗಿಸಿ ನೋಡಬೇಕು. ಸಕ್ಕರೆ ಕಾಯಿಲೆಯಿಂದ ಚರ್ಮದ ಅರಿವು ಕುಂದಿದವರಿಗೆ ಸುಟ್ಟದ್ದೂ ತಿಳಿಯದು, ಅವರ ಬಗ್ಗೆ ಹೆಚ್ಚಿನ ಎಚ್ಚರವಿರಲಿ. ಕುಸುಬಿ ಎಣ್ಣೆ ಬೆಚ್ಚಗೆ ಮಾಡಿ ಮೆಲ್ಲಗೆ ತಿಕ್ಕಿಸಿಕೊಳ್ಳಬಹುದು. ಎಕ್ಕೆಯ ಎಲೆ ಕಟ್ಟುವವರೂ ಇದ್ದಾರೆ. ಅದರ ಹಾಲು ಚರ್ಮಕ್ಕೆ ಉರಿ, ಕಣ್ಣಿಗೆ ಬಿದ್ದರೆ ಅಪಾಯ. ಬರಿಯ ಉಪ್ಪಿನ ಕಾವೇ ಸಾಕು.

ಬೆಳಿಗ್ಗೆ ಸಂಜೆ ಜಮಖಾನೆಯ ಮೇಲೆ ಅಂಗಾತ ಮಲಗಿ, ಒಂದು ಮೊಣಕಾಲನ್ನು ಎರಡೂ ಕೈಯಿಂದ ಎದೆಯ ಕಡೆಗೆ ಎಳೆದುಕೊಂಡು ಹತ್ತು ಎಣಿಸುವವರೆಗೆ ಹಿಡಿಯಿರಿ; ಬಿಟ್ಟು ಇನ್ನೊಂದು ಕಾಲು. ಹೀಗೆ ಐದೈದು ಸಾರಿ. ಬಳಿಕ ಅಂಗೈ, ಮೊಣಕಾಲು ನೆಲಕ್ಕೂರಿ, ಬೆಕ್ಕು ಮೈಮುರಿಯುವಂತೆ ಬೆನ್ನನ್ನು ಮೇಲಕ್ಕೆ ಡೊಂಕು ಮಾಡಿ ಮತ್ತೆ ಕೆಳಗೆ ಇಳಿಬಿಡಿರಿ. ಉಸಿರು ಕಟ್ಟಬಾರದು, ಜಗ್ಗಾಡಬಾರದು. ಸ್ವಲ್ಪ ಬಿಗಿತ ತಿಳಿದರೆ ಸರಿ. ನೋವು ಕಾಲಿಗೆ ಇಳಿಯತೊಡಗಿದರೆ ನಿಲ್ಲಿಸಿರಿ. ಹೊಲದಲ್ಲಿ ಇದಕ್ಕಿಂತ ಸುಲಭದ್ದಿದೆ. ಸಾಲಿನ ಕೊನೆಗೆ ಬಂದಾಗಲೊಮ್ಮೆ ನೆಟ್ಟಗೆ ನಿಂತು, ಕೈಗಳನ್ನು ಟೊಂಕದ ಹಿಂದಿಟ್ಟು, ಐದು ಸಾರಿ ಮೆಲ್ಲಗೆ ಹಿಂದಕ್ಕೆ ಬಾಗಿರಿ. ಸಾಲು ಮುಗಿದಾಗ ಎತ್ತಿಗೂ ಉಸಿರು ಬಿಡಲು ಕೊಡುತ್ತೇವಲ್ಲ!

ಇನ್ನು ಪಾಯಾಳುವಿನ ಮಾತು. ಕಾಲು ಮುಂದಾಗಿ ಹುಟ್ಟಿದವರಿಂದ ಬೆನ್ನಿಗೆ ಒದೆಸಿಕೊಂಡರೆ ಚಳಕು ಹೋಗುತ್ತದೆಂಬ ನಂಬಿಕೆ ನಮ್ಮಲ್ಲಿದೆ. ದಯಮಾಡಿ ಇದನ್ನು ಬಿಡಿರಿ. ವಯಸ್ಸಿನಿಂದಲೋ ಕ್ಷಯದಿಂದಲೋ ಬೆನ್ನೆಲುಬು ಸವೆದಿದ್ದರೆ ಮೇಲಿನಿಂದ ಗೊತ್ತಾಗುವುದಿಲ್ಲ. ಒಂದು ಒದೆತಕ್ಕೆ ಅದು ಕುಸಿದು ಕಾಲುಗಳ ಶಕ್ತಿಯೇ ಹೋದೀತು. ನೋವಿನ ಗುಳಿಗೆ ನುಂಗುತ್ತ, ನೀರು ಕುಡಿಯದೆ ಬಿಸಿಲಲ್ಲಿ ದುಡಿಯುವುದೂ ಮೂತ್ರಪಿಂಡಕ್ಕೆ ಕೆಟ್ಟದ್ದು. ಬಹುಕಾಲದ ನೋವಿಗೆ ಟೊಂಕದ ಪಟ್ಟಾ ವಾಡಿಕೆಯಾಗಿ ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆಯೂ 2023ರಲ್ಲಿ ತಿಳಿಸಿದೆ.

ಕೆಲವು ಸಂದರ್ಭಗಳಲ್ಲಿ ಮನೆಮದ್ದು ಮಾಡುತ್ತ ಕೂಡಬಾರದು. ಮೂತ್ರ ಕಟ್ಟಿದರೆ ಅಥವಾ ತಡೆಯಲಾಗದೆ ಹೋದರೆ, ತೊಡೆಸಂದು ಮತ್ತು ಗುದದ ಸುತ್ತ ಮರಗಟ್ಟಿದರೆ, ಕಾಲು ಸೋತರೆ, ಅದೇ ದಿನ, ರಾತ್ರಿಯಾಗಿದ್ದರೂ, ಸೋಲಾಪುರದ ದೊಡ್ಡ ಆಸ್ಪತ್ರೆಗೆ ಹೊರಡಬೇಕು. ಟ್ರಾಲಿಯ ಮೇಲಿನಿಂದ ಬಿದ್ದು ನೋವು ಬಂದರೂ ತಡಮಾಡಬಾರದು. ಜ್ವರ, ತೂಕ ಇಳಿಯುವುದು, ರಾತ್ರಿ ಮಲಗಿದರೂ ಬಿಡದ ನೋವು ಇದ್ದರೆ ಬೇಗ ಡಾಕ್ಟರರಿಗೆ ತೋರಿಸಿರಿ.

ಕಡಿಯಲು ಬಂದ ಟೋಳಿಯವರಿಗೂ ಇದನ್ನು ತಿಳಿಸಿರಿ. ಅಲ್ಲಿಯ ಹೆಣ್ಣುಮಕ್ಕಳು ದಿನವಿಡೀ ಮೋಳಿ ಹೊತ್ತು ಗಾಡಿಗೆ ಏರಿಸುತ್ತಾರೆ. ಗೈರುಹಾಜರಿಗೆ ದಂಡ ಬೀಳುತ್ತದೆಂದು ಹಲವರು ನೋವನ್ನು ಮುಕಾದಮನಿಗೆ ಹೇಳುವುದೇ ಇಲ್ಲ. ನಿಮ್ಮ ಹೊಲದಲ್ಲಿರುವಷ್ಟು ದಿನ ನೀವೇ ಕೇಳಿರಿ.